ಋಣ ಯಾರದು, ತೀರಿಸುವವರು ಯಾರು?

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಅವರನ್ನು ನೋಡಿಕೊಳ್ಳುವ ಹೊಣೆ ಯಾರದೆಂಬ ಪ್ರಶ್ನೆಗೆ ಭಾರತೀಯ ಸಮಾಜದಲ್ಲಿ ಸಿದ್ಧ ಉತ್ತರವೊಂದಿದೆ: ಅದು ಮನೆಯವರ ಕರ್ತವ್ಯ. ಈ ಉತ್ತರ ತಪ್ಪಲ್ಲ. ಆದರೆ ಹೇಳುವಾಗ ಇಡೀ ಮನೆಗೆ ಸೇರಿದ್ದಾಗಿರುವ ಈ ಕರ್ತವ್ಯವು ಮಾಡುವ ಹೊತ್ತಿಗೆ ಬಹುಪಾಲು ಒಬ್ಬರ ಹೆಗಲಿಗೇರಿರುತ್ತದೆ. ಮುಪ್ಪು, ಕಾಯಿಲೆ ಅಥವಾ ಅಂಗವೈಕಲ್ಯದಿಂದ ಪರಾವಲಂಬಿಗಳಾದವರನ್ನು ಸಂಬಳವಿಲ್ಲದೆ, ಕರಾರಿಲ್ಲದೆ, ರಜೆಯಿಲ್ಲದೆ ದಿನವೂ ನೋಡಿಕೊಳ್ಳುವ ಆ ಒಬ್ಬ ಬಂಧುವನ್ನು ಸಮಾಜಶಾಸ್ತ್ರವು ಕುಟುಂಬದ ಆರೈಕೆದಾರರೆಂದು ಗುರುತಿಸುತ್ತದೆ. ಆರೈಕೆದಾರರಾಗುವುದು ಒಬ್ಬರು ತಾವಾಗಿ ಕೈಗೊಳ್ಳುವ ನಿರ್ಧಾರವೇ, ಅಥವಾ ಕೇಳದೆ ಬಂದೆರಗುವ ಸ್ಥಿತಿಯೇ, ಮತ್ತು ಅದು ಕರ್ತವ್ಯವೇ ಆಗಿದ್ದಲ್ಲಿ ಯಾರ ಕರ್ತವ್ಯವನ್ನು ಯಾರು ಮಾಡುತ್ತಿದ್ದಾರೆ ಎಂಬುದು ಇಲ್ಲಿಯ ವಿಚಾರ.

ಈ ವಿಚಾರಕ್ಕೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ರಾಯಕೋಟೆ ತಕ್ಕ ನೆಲ. ಹೊಸೂರಿನಿಂದ ಧರ್ಮಪುರಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಸುತ್ತ ಟೊಮೇಟೊ ಬೆಳೆಯುವ ಹೊಲಗಳಿವೆ; ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಸುತ್ತಲ ಹಳ್ಳಿಗಳ ಗಂಡಸರನ್ನು ದಶಕಗಳಿಂದ ಸೆಳೆದುಕೊಂಡಿದ್ದರೆ, ಈಚಿನ ವರ್ಷಗಳಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್‌ನಂಥ ಕಾರ್ಖಾನೆಗಳು ಸಾವಿರಾರು ಯುವತಿಯರಿಗೂ ಸಂಬಳದ ಕೆಲಸ ಕೊಟ್ಟಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿದದ್ದರಿಂದ ಇಲ್ಲಿಯ ಕನ್ನಡದ ಮನೆಗಳಲ್ಲಿ ಮಾತು ಕನ್ನಡದ್ದು, ಕಚೇರಿಯ ಕಾಗದ ತಮಿಳಿನದು. ದೊಡ್ಡ ಕಾಯಿಲೆ ಬಂದರೆ ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಗಡಿ ದಾಟಿ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿ ಸಂಸ್ಥೆಗಳಿಗೋ ಓಡಬೇಕಾಗುವುದರಿಂದ ಔಷಧದ ಚೀಟಿ, ತಪಾಸಣೆಯ ವರದಿಗಳು ಇಂಗ್ಲಿಷಿನವು.

ಇಂಥ ಮನೆಯೊಂದರ ಹಿರಿಯನಿಗೆ ಲಕ್ವ ಹೊಡೆಯಿತೆಂದು ಭಾವಿಸಿದರೆ, ಆರೈಕೆದಾರರು ಹುಟ್ಟುವ ಬಗೆ ಸ್ಪಷ್ಟವಾಗುತ್ತದೆ. ವಾರ್ಡಿನಲ್ಲಿ ‘ಪೇಷೆಂಟ್ ಕಡೆಯವರು ಯಾರು?’ ಎಂಬ ಕೂಗಿಗೆ ಮುಂದೆ ಬಂದವರಿಗೆ ಮಾತ್ರೆಯ ಹೊತ್ತು, ಮೂಗಿನ ಕೊಳವೆಯಲ್ಲಿ ಗಂಜಿ ಬಿಡುವ ಕ್ರಮ, ಮೂತ್ರದ ಚೀಲ ಖಾಲಿ ಮಾಡುವ ರೀತಿ ಹೇಳಿಕೊಡಲಾಗುತ್ತದೆ. ಕಲಿತವರು ಅವರೊಬ್ಬರೇ ಆದ್ದರಿಂದ ಮನೆಗೆ ಬಂದ ಮೇಲೂ ಮಾಡಬೇಕಾದವರು ಅವರೇ ಆಗುತ್ತಾರೆ. ಆಮೇಲೆ ‘ಒಬ್ಬರಾದರೂ ಮನೇಲಿರಬೇಕಲ್ಲ’ ಎಂಬ ಮಾತು ಬರುತ್ತದೆ, ಆ ಒಬ್ಬರು ಯಾರೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಂಪನಿಯಲ್ಲಿ ತಿಂಗಳ ಸಂಬಳ ತರುವ ಮಗನಿಗಿಂತ ಟೊಮೇಟೊ ಬಿಡಿಸಲು ದಿನಗೂಲಿಗೆ ಹೋಗುವ ಸೊಸೆ ಕೆಲಸ ಬಿಟ್ಟರೆ ಮನೆಗೆ ನಷ್ಟ ಕಡಿಮೆಯೆಂಬ ಲೆಕ್ಕಾಚಾರ ಒಳಗೊಳಗೇ ಮುಗಿದಿರುತ್ತದೆ. ಈ ಲೆಕ್ಕ ಮೇಲ್ನೋಟಕ್ಕೆ ನಿಷ್ಪಕ್ಷಪಾತವಾದದ್ದು; ಆದರೆ ಹೆಣ್ಣಿನ ಕೂಲಿ ಕಡಿಮೆಯಿರುವುದಕ್ಕೆ ಒಂದು ಕಾರಣವೇ ಮನೆಯ ಆರೈಕೆಗಾಗಿ ಅವಳು ಪದೇ ಪದೇ ಕೆಲಸ ಬಿಡಬೇಕಾಗಿ ಬರುವುದು. ಹೀಗೆ ಕಡಿಮೆ ಕೂಲಿಯಿಂದ ಆರೈಕೆ, ಆರೈಕೆಯಿಂದ ಮತ್ತಷ್ಟು ಕಡಿಮೆ ಕೂಲಿ ಎಂಬ ಸುಳಿಯಲ್ಲಿ ಸಿಕ್ಕವರ ಸ್ಥಿತಿಯನ್ನು ಅವರ ಆಯ್ಕೆಯೆಂದು ಕರೆಯಲು ಬಾರದು. ಮನೆಯ ಮಗಳು ಕಾರ್ಖಾನೆಯ ಸಂಬಳ ತರತೊಡಗಿದಾಗಲೂ ಹೊಣೆ ಗಂಡಸಿನ ಕಡೆಗೆ ಸರಿಯುವುದಕ್ಕಿಂತ, ಸಂಬಳವಿಲ್ಲದ ಇನ್ನೊಬ್ಬ ಹೆಂಗಸಿನ, ತಾಯಿಯದೋ ಗಂಡನಿಲ್ಲದ ಅತ್ತೆಯದೋ, ಕೈಗೆ ಜಾರುವ ಸಂಭವವೇ ಹೆಚ್ಚು.

ಈ ಕೆಲಸದ ಸ್ವರೂಪವನ್ನು ಹತ್ತಿರದಿಂದ ನೋಡದೆ ಅದರ ನೀತಿಯನ್ನು ಚರ್ಚಿಸುವುದು ಸುಲಭ, ಆದರೆ ಸರಿಯಲ್ಲ. ತಾನಾಗಿ ಹೊರಳಲಾರದ ರೋಗಿಯನ್ನು ಹಗಲೂ ರಾತ್ರಿಯೂ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಮೂಳೆ ಉಬ್ಬಿರುವ ಕಡೆ, ಸೊಂಟದ ಹಿಂಭಾಗ ಮತ್ತು ಹಿಮ್ಮಡಿಗಳಲ್ಲಿ, ರಕ್ತ ಹರಿಯದೆ ಚರ್ಮ ಮೊದಲು ಕೆಂಪಾಗಿ ಆಮೇಲೆ ಒಡೆದು ಹಾಸಿಗೆ ಹುಣ್ಣಾಗುತ್ತದೆ. ಹಾಸಿದ ಬಟ್ಟೆಯಲ್ಲಿ ಸುಕ್ಕು ಉಳಿಯಬಾರದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡಬೇಕು, ಒದ್ದೆಯಾದೊಡನೆ ಒರೆಸಿ ಒಣಗಿಸಬೇಕು. ಎಲ್ಲವನ್ನೂ ಸರಿಯಾಗಿ ಮಾಡಿದರೆ ಕಾಣುವ ಫಲ ಏನೂ ಇಲ್ಲ, ಹುಣ್ಣು ಆಗದಿರುವುದೇ ಫಲ. ಹೊಲದ ದುಡಿಮೆಗೆ ಬೆಳೆ ಸಾಕ್ಷಿಯಾದರೆ, ಈ ದುಡಿಮೆಗೆ ಸಂಭವಿಸದೆ ಹೋದ ಕೇಡು ಮಾತ್ರ ಸಾಕ್ಷಿ. ಲೋಕದ ಕಣ್ಣಿಗೆ ಇದು ಬೀಳದಿರುವುದಕ್ಕೆ ಉದಾಸೀನ ಮಾತ್ರವಲ್ಲ, ಕೆಲಸದ ಈ ಸ್ವಭಾವವೂ ಕಾರಣ.

ಇದಕ್ಕೆಲ್ಲ ಪರಂಪರೆ ಕೊಡುವ ಸಮರ್ಥನೆ ಋಣದ್ದು. ಹುಟ್ಟಿನೊಂದಿಗೇ ಋಷಿಗಳ, ದೇವತೆಗಳ, ಪಿತೃಗಳ ಋಣವೂ ಬರುತ್ತದೆಂಬ ಮಾತು ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ಅಲ್ಲಿ ಪಿತೃಋಣ ತೀರುವುದು ಸಂತಾನದಿಂದಲಾದರೂ, ಜನರ ತಿಳಿವಳಿಕೆಯಲ್ಲಿ ಅದು ಹೆತ್ತವರ ಸೇವೆಯನ್ನೂ ಒಳಗೊಂಡಿದೆ. ಸಾಕಿದವರನ್ನು ಸಾಕಬೇಕೆಂಬ ಈ ಭಾವನೆ ಗೌರವಕ್ಕೆ ಅರ್ಹವಾದದ್ದೇ. ಆದರೆ ಋಣವೆಂಬ ಪರಿಕಲ್ಪನೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದಾದರೆ ಅದರ ಮೊದಲ ನಿಯಮವನ್ನೂ ಒಪ್ಪಬೇಕು: ಸಾಲ ಪಡೆದವನೇ ಸಾಲಗಾರ. ಮಾವನ ಅನ್ನ ಉಂಡು ಬೆಳೆದವನು ಮಗ, ಸೊಸೆಯಲ್ಲ. ಅವಳನ್ನು ಸಾಕಿದವರು ಬೇರೆ ಊರಿನಲ್ಲಿದ್ದಾರೆ, ಅವರಿಗೆ ಕಾಯಿಲೆಯಾದರೆ ಹೋಗಲು ಅವಳಿಗೆ ಬಿಡುವಿಲ್ಲ. ಹೀಗಿರುವಾಗ ಮಗನ ಋಣವನ್ನು ತನ್ನ ಮೈಮುರಿದು ತೀರಿಸುವವಳು ಕರ್ತವ್ಯ ಮಾಡುತ್ತಿದ್ದಾಳೆ ಎನ್ನುವುದಕ್ಕಿಂತ ಇನ್ನೊಬ್ಬರ ಸಾಲಕ್ಕೆ ಕಂತು ಕಟ್ಟುತ್ತಿದ್ದಾಳೆ ಎನ್ನುವುದು ನಿಜಕ್ಕೆ ಹತ್ತಿರ. ಕುತೂಹಲದ ಸಂಗತಿಯೆಂದರೆ, ಕಾನೂನೂ ಇದೇ ಲೆಕ್ಕವನ್ನು ಒಪ್ಪಿದೆ: ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು, ಸೊಸೆಯ ಹೆಸರು ಅಲ್ಲಿಲ್ಲ. ಅಳಿಯ ಸೊಸೆಯರನ್ನು ಸೇರಿಸಲು ಹೊರಟ 2019ರ ತಿದ್ದುಪಡಿ ಮಸೂದೆ ಕಾಯ್ದೆಯಾಗಲಿಲ್ಲ. ಕಾನೂನಿನ ಪ್ರಕಾರ ಋಣಿಯಲ್ಲದವಳು ಕೈಯಾರೆ ತೀರಿಸುತ್ತಿದ್ದರೆ, ಕಾನೂನು ಋಣಿಯೆಂದು ಗುರುತಿಸಿದ ಮಗ ತಿಂಗಳಿಗೆ ಹಣ ಕೊಟ್ಟರೆ ಸಾಕು. ಆ ಕಾಯ್ದೆಯಲ್ಲಿ ಅದಕ್ಕೂ 10,000 ರೂಪಾಯಿಯ ಮಿತಿಯಿದೆ.

ಅಮೆರಿಕದ ರಾಜಕೀಯ ಚಿಂತಕಿ ಜೋನ್ ಟ್ರೊಂಟೊ 1993ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆರೈಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಅಗತ್ಯವಿದೆಯೆಂದು ಮನಗಾಣುವುದು, ಅದರ ಹೊಣೆ ಹೊರುವುದು, ಕೈಯಾರೆ ಆರೈಕೆ ಮಾಡುವುದು ಮತ್ತು ಆರೈಕೆಯನ್ನು ಪಡೆಯುವುದು. ಮೊದಲೆರಡು ಬಲವುಳ್ಳವರ ಪಾಲಿಗೂ ಕೊನೆಯೆರಡು ಬಲವಿಲ್ಲದವರ ಪಾಲಿಗೂ ಬರುತ್ತವೆಂಬುದು ಅವರ ವಾದದ ಸಾರ. ಔಷಧಕ್ಕೆ ಹಣ ಕೊಟ್ಟ ಮಗನನ್ನು ಊರು ‘ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎಂದು ಹೊಗಳುವಾಗ, ಅದೇ ಅಪ್ಪನ ಹಾಸಿಗೆ ಬದಲಿಸಿದವಳ ಬಗ್ಗೆ ಮಾತೇ ಬರದಿರುವುದಕ್ಕೆ ಈ ವಿಂಗಡಣೆ ಚೆನ್ನಾಗಿ ಹೊಂದುತ್ತದೆ.

ಮಹಾಭಾರತದ ವನಪರ್ವದ ಧರ್ಮವ್ಯಾಧನ ಪ್ರಸಂಗವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಬಹುದು. ಹೆತ್ತವರನ್ನು ಬಿಟ್ಟು ವೇದಾಧ್ಯಯನಕ್ಕೆ ಹೊರಟ ಕೌಶಿಕನೆಂಬ ಬ್ರಾಹ್ಮಣ ಒಂದು ಮನೆಯ ಮುಂದೆ ಭಿಕ್ಷೆಗೆ ನಿಂತಾಗ, ಗಂಡನ ಉಪಚಾರದಲ್ಲಿದ್ದ ಗೃಹಿಣಿ ಅವನನ್ನು ಕಾಯಿಸುತ್ತಾಳೆ. ಸಿಟ್ಟಾದವನಿಗೆ ನೀತಿ ಹೇಳಿ, ಹೆಚ್ಚಿನದನ್ನು ತಿಳಿಯಲು ಮಿಥಿಲೆಯ ಮಾಂಸದಂಗಡಿಯ ವ್ಯಾಧನ ಬಳಿಗೆ ಕಳಿಸುತ್ತಾಳೆ. ವೃದ್ಧ ತಂದೆತಾಯಿಯರ ಸೇವೆಯೇ ತನ್ನ ತಪಸ್ಸೆಂದು ವ್ಯಾಧ ತೋರಿಸಿಕೊಡುತ್ತಾನೆ. ಆರೈಕೆಯಿಂದ ಬರುವ ಅರಿವು ಶಾಸ್ತ್ರಾಧ್ಯಯನಕ್ಕೆ ಕಡಿಮೆಯಲ್ಲವೆಂಬ ಈ ಕಥೆಯ ತೀರ್ಮಾನ ದೊಡ್ಡದು, ಮತ್ತು ಆರೈಕೆಯನ್ನು ಬರೀ ಹೊರೆಯೆಂದು ಕಾಣುವವರಿಗೆ ತಕ್ಕ ಉತ್ತರ ಕೂಡ. ಆದರೆ ಗಮನಿಸಬೇಕಾದ್ದು ಬೇರೆಯೂ ಇದೆ. ವ್ಯಾಧ ತೀರಿಸುತ್ತಿರುವುದು ತನ್ನದೇ ಋಣವನ್ನು, ತನ್ನದೇ ಕೈಯಿಂದ. ಹೆಂಡತಿ ಮಕ್ಕಳೂ ಈ ಸೇವೆಯಲ್ಲಿ ಕೂಡಿದ್ದಾರೆಂದು ಅವನೇ ಹೇಳುತ್ತಾನೆ, ಅಂದರೆ ಹೊರೆ ಹಂಚಿಕೊಂಡಿದೆ. ಆದರೂ ಧರ್ಮಜ್ಞನೆಂಬ ಕೀರ್ತಿ ಬಂದದ್ದು ಅವನೊಬ್ಬನಿಗೆ. ಅವನ ಹೆಂಡತಿಗಾಗಲಿ ಕೌಶಿಕನ ಕಣ್ಣು ತೆರೆಸಿದ ಆ ಗೃಹಿಣಿಗಾಗಲಿ ಕಥೆಯಲ್ಲಿ ಹೆಸರೇ ಇಲ್ಲ.

ಋಣದ ವಾದಕ್ಕೆ ಇನ್ನೊಂದು ಮಿತಿಯೂ ಇದೆ. ಅಂಗವೈಕಲ್ಯವಿರುವ ಮಗುವನ್ನು ಜೀವಮಾನವೆಲ್ಲ ನೋಡಿಕೊಳ್ಳುವ ತಾಯಿಗೆ ಆ ಮಗುವಿನಿಂದ ಪಡೆದ ಸಾಲ ಯಾವುದೂ ಇಲ್ಲ, ಮುಂದೆ ಅದು ಹಿಂದಿರುಗಿಸೀತೆಂಬ ನಿರೀಕ್ಷೆಯೂ ಇಲ್ಲ. ಅಂಥ ತಾಯಿಯೇ ಆಗಿದ್ದ ಅಮೆರಿಕದ ತತ್ತ್ವಜ್ಞಾನಿ ಈವಾ ಫೆಡರ್ ಕಿಟ್ಟೆ 1999ರ ತಮ್ಮ ಕೃತಿಯಲ್ಲಿ ಮಂಡಿಸಿದ ವಾದ ಇಲ್ಲಿ ನೆರವಿಗೆ ಬರುತ್ತದೆ: ಪ್ರತಿ ಮನುಷ್ಯನೂ ಒಂದು ಕಾಲದಲ್ಲಿ ಪರಾವಲಂಬಿಯಾಗಿದ್ದವನೇ, ಯಾರದೋ ಆರೈಕೆಯಿಂದ ಬದುಕುಳಿದವನೇ ಆದ್ದರಿಂದ, ಆರೈಕೆ ಮಾಡುವವರನ್ನು ಪೋಷಿಸುವ ಹೊಣೆ ಇಡೀ ಸಮಾಜದ್ದು. ಇದನ್ನು ಋಣದ ಪರಿಭಾಷೆಯಲ್ಲೇ ಹೇಳುವುದಾದರೆ, ಆರೈಕೆ ಮಾಡುವವರು ಸಾಲಗಾರರಲ್ಲ, ಅವರೇ ಸಾಲ ಕೊಟ್ಟವರು.

ಈ ಸಾಲವನ್ನು ರಾಜ್ಯವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಂಡದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. 2001ರ ಜನಗಣತಿ ಮನೆಗೆಲಸ ಮಾಡುವವರನ್ನು ಭಿಕ್ಷುಕರು, ಕೈದಿಗಳ ಜೊತೆಗೆ ದುಡಿಯದವರ ಗುಂಪಿಗೆ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಟೀಕಿಸಿತು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್, ಗಂಡನ ಗಳಿಕೆಯಲ್ಲಿ ಕೊಂಡ ಆಸ್ತಿಯಲ್ಲಿ ಮನೆ ನಡೆಸಿದ ಹೆಂಡತಿಗೂ ಸಮಪಾಲಿದೆಯೆಂದು ತೀರ್ಪಿತ್ತಿತು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನವರ ಪೈಕಿ ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಶೇ 41, ಗಂಡಸರು ಶೇ 21.4; ಹೀಗೆ ತೊಡಗಿದವರಲ್ಲಿ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ ಕೊಡುತ್ತಾರೆ. ತಮಿಳುನಾಡು ಸರ್ಕಾರ 2023ರ ಸೆಪ್ಟೆಂಬರ್ 15ರಿಂದ ಕುಟುಂಬದ ಯಜಮಾನಿಗೆ ತಿಂಗಳಿಗೆ 1,000 ರೂಪಾಯಿಯ ಹಕ್ಕಿನ ಹಣ ಕೊಡತೊಡಗಿತು. ಗಡಿಯ ಆಚೆ ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯಲ್ಲಿ ಅದು 2,000. ಎರಡೂ ಸ್ವಾಗತಾರ್ಹವೇ, ಆದರೆ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆಯೇ ಎಂಬುದು ಎರಡರಲ್ಲೂ ಅರ್ಹತೆಯ ಪ್ರಶ್ನೆಯಲ್ಲ.

ಕರ್ತವ್ಯಕ್ಕೆ ಕೂಲಿ ಕೇಳಿದರೆ ಪ್ರೀತಿ ಕೆಡುತ್ತದೆಂಬ ಆಕ್ಷೇಪ ಇಲ್ಲಿ ಬರುವುದು ಸಹಜ. ಸಂಬಳ ಪಡೆಯುವ ದಾದಿಯ ಕರುಣೆ ಸುಳ್ಳಾಗದಿದ್ದರೆ, ಬಂಧುವಿನ ಪ್ರೀತಿ ನಾಲ್ಕು ಕಾಸಿನಿಂದ ಸುಳ್ಳಾಗಲಾರದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕೂಡ ಆರೈಕೆದಾರರ ವ್ಯಾಖ್ಯೆಯಲ್ಲಿ ಹಣ ಪಡೆದು ಅಥವಾ ಪಡೆಯದೆ ಆರೈಕೆ ಮಾಡುವ ತಂದೆತಾಯಿ, ಬಂಧುಗಳನ್ನು ಒಟ್ಟಿಗೇ ಸೇರಿಸಿದೆ ಮತ್ತು ಹೆಚ್ಚಿನ ನೆರವು ಬೇಕಾದವರ ವಿಷಯದಲ್ಲಿ ಆರೈಕೆ ಭತ್ಯೆಯನ್ನೂ ಹೇಳಿದೆ. ಆಕ್ಷೇಪದ ಹಿಂದಿನ ಊಹೆಯನ್ನು ಬ್ರಿಟನ್ನಿನ ಒಂದು ಪ್ರಸಂಗ ಬಯಲಿಗೆಳೆಯುತ್ತದೆ. ಅಲ್ಲಿ 1976ರಲ್ಲಿ ಆರೈಕೆದಾರರ ಭತ್ಯೆ ಬಂದಾಗ ಮದುವೆಯಾದ ಹೆಂಗಸರನ್ನು ಹೊರಗಿಟ್ಟಿದ್ದರು, ಹೇಗಿದ್ದರೂ ಅವರು ಮನೆಯಲ್ಲೇ ಇರುವವರೆಂಬ ಎಣಿಕೆಯಿಂದ. ವಿವಾಹಿತ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 1986ರಲ್ಲಿ ಅದನ್ನು ತಪ್ಪೆಂದು ಹೇಳಬೇಕಾಯಿತು. ಹಾಗೆಂದು ಹಣವೊಂದೇ ಪರಿಹಾರವಲ್ಲ. ಭತ್ಯೆ ಬರುತ್ತದೆಂಬ ಕಾರಣಕ್ಕೇ ಅದೇ ಹೆಂಗಸನ್ನು ಅದೇ ಹಾಸಿಗೆಯ ಪಕ್ಕ ಖಾಯಂ ಆಗಿ ಕೂರಿಸುವ ಅಪಾಯವೂ ಇದೆ. ಅವಳಿಗೆ ಹಣದಷ್ಟೇ ಬೇಕಾದದ್ದು ಬಿಡುವು.

ಬಿಡುವಿನ ದಾರಿ ಕೃಷ್ಣಗಿರಿ ಜಿಲ್ಲೆಗೆ ಅಪರಿಚಿತವಲ್ಲ. ಜನರ ಮನೆಬಾಗಿಲಿಗೇ ಚಿಕಿತ್ಸೆ ಒಯ್ಯುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಗೆ 2021ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಇದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು, ಫಿಸಿಯೊಥೆರಪಿ, ನೋವು ತಗ್ಗಿಸುವ ಉಪಶಾಮಕ ಆರೈಕೆ ಇವೆಲ್ಲ ಅದರಡಿ ಮನೆಗೇ ಬರುತ್ತವೆ. ಹೀಗೆ ಮನೆಯೊಳಗೆ ಬರುವ ಆರೋಗ್ಯ ಕಾರ್ಯಕರ್ತೆಯರು ರೋಗಿಯ ಹೆಸರಿನ ಪಕ್ಕದಲ್ಲಿ ನೋಡಿಕೊಳ್ಳುವವರ ಹೆಸರನ್ನೂ ಬರೆದುಕೊಂಡು, ಅವರ ನಿದ್ದೆ, ಬೆನ್ನುನೋವು, ಮನಸ್ಸಿನ ಸ್ಥಿತಿಗಳನ್ನು ವಿಚಾರಿಸಿ, ವಾರಕ್ಕೊಂದು ಹಗಲಾದರೂ ಬದಲಿ ವ್ಯವಸ್ಥೆ ಮಾಡುವುದು ಅಸಾಧ್ಯವೇನಲ್ಲ. ನೆರೆಯ ಕೇರಳದಲ್ಲಿ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ಊರಿನ ಸ್ವಯಂಸೇವಕರ ಬಲದಿಂದಲೇ ರಾಜ್ಯವ್ಯಾಪಿಯಾಯಿತು. ಕನ್ನಡ, ತೆಲುಗು ಮನೆಮಾತಿನ ಹಳ್ಳಿಗಳಲ್ಲಿ ಔಷಧದ ಸೂಚನೆಗಳನ್ನು ಆಯಾ ಭಾಷೆಯಲ್ಲಿ ಬರೆದುಕೊಡುವುದಂತೂ ಇನ್ನೂ ಸುಲಭ.

ಆದರೆ ಸರ್ಕಾರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಮನೆಯ ಒಳಗಿನದು. ಕೇಳದೆ ಹೊರಿಸಿದ ಹೊಣೆ ಎಷ್ಟೇ ಪ್ರೀತಿಯಿಂದ ನಡೆದರೂ ಹೊತ್ತವರ ಪಾಲಿಗೆ ಅದು ಅನ್ಯಾಯವೇ. ಕೇಳಿ, ಹಂಚಿಕೊಂಡು, ಬೇಡವೆನ್ನಲು ಅವಕಾಶವಿಟ್ಟು ನಡೆಸಿದ್ದು ಮಾತ್ರ ಧರ್ಮವೆನಿಸಿಕೊಳ್ಳಲು ಯೋಗ್ಯ. ಆಸ್ಪತ್ರೆಯಿಂದ ಹಿರಿಯರನ್ನು ಕರೆತಂದ ದಿನವೇ ಮಕ್ಕಳೆಲ್ಲ ಕೂತು ರಾತ್ರಿ ಯಾರದು, ಹಗಲು ಯಾರದು, ಕೆಲಸ ಬಿಟ್ಟವರ ನಷ್ಟವನ್ನು ತುಂಬಿಕೊಡುವವರು ಯಾರು, ಮುಂದೆ ಆಸ್ತಿ ಹಂಚುವಾಗ ಅವರ ಪಾಲೆಷ್ಟು ಎಂಬುದನ್ನು ಬಾಯಿಬಿಟ್ಟು ಮಾತಾಡಿಕೊಳ್ಳಲಿ. ಋಣವಿರುವವರು ತಾವೇ ತೀರಿಸಲಿ. ತೀರಿಸಲಾಗದವರು, ತಮ್ಮ ಪರವಾಗಿ ತೀರಿಸುತ್ತಿರುವವರಿಗೆ ತಾವು ಸಾಲಗಾರರೆಂಬುದನ್ನಾದರೂ ಒಪ್ಪಿಕೊಳ್ಳಲಿ.