ಅಪ್ಪನ ಯಜ್ಡಿ: ಉಳಿಸಬೇಕಾದದ್ದು ಯಾವುದು?

☸️ *ಇಂದಿನ ಧಮ್ಮ ಚಿಂತನೆ*



ಸಂತೆಕಲ್ಲೂರಿನ ಉಪಾಸಕರೊಬ್ಬರು ನಮ್ಮ ಅಧ್ಯಯನ ಬಳಗಕ್ಕೆ ಒಂದು ಪ್ರಶ್ನೆ ಕಳಿಸಿದ್ದಾರೆ. ತೀರಿಕೊಂಡ ತಂದೆಯ ಯಜ್ಡಿ ಮೋಟರ್ ಸೈಕಲ್ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತಿದೆ. ಟ್ಯಾಂಕಿಗೆ ತುಕ್ಕು ಹಿಡಿದಿದೆ, ಇಂಜಿನ್ ಜಾಮ್ ಆಗಿದೆ. ರಿಪೇರಿ ಆಗುತ್ತದೆ, ಆದರೆ ಖರ್ಚು ಬಹಳ ಎಂದು ಸಿಂಧನೂರಿನ ಮೆಕ್ಯಾನಿಕ್ ಹೇಳಿದ್ದಾರೆ. ತಮ್ಮ ಮಾರೋಣ ಅನ್ನುತ್ತಾನೆ. ತಾಯಿ ಮುಟ್ಟಬೇಡಿ ಅನ್ನುತ್ತಾರೆ. "ಅನಿತ್ಯವನ್ನು ಒಪ್ಪಿದವರು ನಾವು. ಅಪ್ಪನ ಗಾಡಿಯನ್ನು ಮತ್ತೆ ಹೊಸದು ಮಾಡುವುದು ತೃಷ್ಣೆಯೋ, ಕೃತಜ್ಞತೆಯೋ?" ಇದು ಅವರ ಪ್ರಶ್ನೆ.

*ಗಾಡಿ ಎಂದರೆ ನಮಗೇನು?*

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾದವು. 1973ರಿಂದ ಅವುಗಳಿಗೆ ಯಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ, ಎರಡು ಸೈಲೆನ್ಸರಿನ ಆ ಗಾಡಿಯ ಸದ್ದು ಕೇಳಿಯೇ ಯಾರು ಬಂದರೆಂದು ಹೇಳುವವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ.

ಆದರೆ ನಮ್ಮ ಜನರಿಗೆ ಗಾಡಿ ಬರೀ ಶೋಕಿಯ ವಸ್ತುವಾಗಿರಲಿಲ್ಲ. 1901ರಲ್ಲಿ ಬಾಲಕ ಭೀಮರಾವ್ ಅಣ್ಣನ ಜೊತೆ ತಂದೆಯಿದ್ದ ಕೋರೆಗಾಂವ್‌ಗೆ ಹೊರಟಾಗ ಮಸೂರ್ ಸ್ಟೇಷನ್ನಿನಲ್ಲಿ ಯಾರೂ ಗಾಡಿಗೆ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಆದರೆ ಎತ್ತುಗಳನ್ನು ಹುಡುಗರೇ ಹೊಡೆಯಬೇಕು, ತಾನು ನಡೆದು ಬರುತ್ತೇನೆ ಎಂದ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಬ್ಯಾರಿಸ್ಟರ್ ಅಂಬೇಡ್ಕರರಿಗೂ ಟಾಂಗಾದವರು ಗಾಡಿ ಹೊಡೆಯಲು ಒಪ್ಪಲಿಲ್ಲ. ಹೊಡೆಯಲು ಬಾರದ ನಮ್ಮವರೊಬ್ಬರು ಲಗಾಮು ಹಿಡಿದರು. ಮೋರಿಯ ಮೇಲೆ ಟಾಂಗಾ ಉರುಳಿ ಬಾಬಾಸಾಹೇಬರ ಕಾಲು ಮುರಿಯಿತು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ.

ಹಾಗಿರುವಾಗ ನಮ್ಮ ಒಬ್ಬ ತಂದೆ ದುಡಿದ ದುಡ್ಡಿನಲ್ಲಿ ಸ್ವಂತ ಗಾಡಿ ಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಕಿಕ್ ಹೊಡೆದು ಹೊರಟನೆಂದರೆ ಅದು ಸಣ್ಣ ಮಾತಲ್ಲ. ಆ ಗಾಡಿಯ ಮೇಲೆ ಮಗನಿಗೆ ಪ್ರೀತಿ ಇರುವುದು ಸಹಜ. ಅದನ್ನು ಮೋಹ ಎಂದು ಗದರಿಸುವುದು ಧಮ್ಮವಲ್ಲ.

*ಹಾಗಾದರೆ ತೃಷ್ಣೆ ಎಲ್ಲಿದೆ?*

ಮಿಲಿಂದ ರಾಜನಿಗೆ ಭಿಕ್ಷು ನಾಗಸೇನರು ರಥದ ಬಗ್ಗೆ ಕೇಳಿದ ಪ್ರಶ್ನೆ ನಮಗೆ ಗೊತ್ತಿದೆ. ಬಾಬಾಸಾಹೇಬರು ಔರಂಗಾಬಾದಿನ ಕಾಲೇಜಿಗೆ ಇಟ್ಟದ್ದೂ ಇದೇ ಮಿಲಿಂದನ ಹೆಸರು. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ. ಎಲ್ಲ ಕೂಡಿದಾಗ ರಥವೆಂದು ಕರೆಯುತ್ತೇವೆ, ಅಷ್ಟೆ.

ಯಜ್ಡಿಗೂ ಇದೇ ಮಾತು. ಪಿಸ್ಟನ್ ಬದಲಾಗುತ್ತದೆ. ಕ್ಲಚ್ ಪ್ಲೇಟ್, ವೈರಿಂಗ್, ಟೈರು, ಸೀಟು ಹೊಸದಾಗುತ್ತವೆ. ಟ್ಯಾಂಕಿಗೆ ಹೊಸ ಬಣ್ಣ ಬೀಳುತ್ತದೆ. ಆಮೇಲೆ ಅದರಲ್ಲಿ ಅಪ್ಪ ಎಲ್ಲಿದ್ದಾನೆ? ನಿಜ ಹೇಳಬೇಕೆಂದರೆ ಹಳೆಯ ಪಿಸ್ಟನ್ನಿನಲ್ಲೂ ಅಪ್ಪ ಇರಲಿಲ್ಲ. ಗಾಡಿ ರಿಪೇರಿ ಮಾಡಿಸುವುದು ತೃಷ್ಣೆಯಲ್ಲ. ರಿಪೇರಿಯಾದರೆ ಅಪ್ಪ ವಾಪಸ್ ಬರುತ್ತಾನೆ ಎಂದು ಮನಸ್ಸು ಒಳಗೊಳಗೆ ನಂಬುವುದು ತೃಷ್ಣೆ. ಹಾಗೆ ನಂಬಿದವರಿಗೆ ಎಷ್ಟು ಖರ್ಚು ಮಾಡಿದರೂ ಸಾಲುವುದಿಲ್ಲ. ಮೊದಲ ಸಲ ಸ್ಟಾರ್ಟ್ ಆದ ದಿನವೇ ಅವರ ದುಃಖ ಇಮ್ಮಡಿಯಾಗುತ್ತದೆ.

ಇನ್ನೊಂದು ಎಚ್ಚರವೂ ಬೇಕು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಆರನೆಯದು ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದು. ಗಾಡಿಯನ್ನು ಹೊಳೆಯುವಂತೆ ಮಾಡಿ, ಓಡಿಸದೆ, ಹಾರ ಹಾಕಿ, ವರ್ಷಕ್ಕೊಮ್ಮೆ ಅದರ ಮುಂದೆ ಕಾಯಿ ಒಡೆದರೆ ಅದು ಕಬ್ಬಿಣದ ಪಿಂಡವೇ ಆಯಿತಲ್ಲ. ಬಿಟ್ಟು ಬಂದ ಬಾಗಿಲಿನಿಂದ ಮತ್ತೆ ಒಳಗೆ ಹೋದಂತೆ.

*ವಾರಸುದಾರ ಯಾರು?*

ಬುದ್ಧರು ಕಪಿಲವಸ್ತುವಿಗೆ ಬಂದಾಗ ರಾಹುಲ ತಾಯಿಯ ಮಾತಿನಂತೆ ಬೆನ್ನು ಹತ್ತಿ ತನ್ನ ಪಾಲಿನ ಆಸ್ತಿ ಕೇಳಿದ. ಬುದ್ಧರು ಅವನಿಗೆ ಕೊಟ್ಟದ್ದು ಧಮ್ಮದ ದಾರಿ. ಮುಂದೆ ಭಿಕ್ಷುಗಳಿಗೂ ವಸ್ತುಗಳಿಗಲ್ಲ, ಧಮ್ಮಕ್ಕೆ ವಾರಸುದಾರರಾಗಿ ಎಂಬ ಅರ್ಥದ ಉಪದೇಶ ಕೊಟ್ಟರು. ಮಜ್ಝಿಮ ನಿಕಾಯದ ಧಮ್ಮದಾಯಾದ ಸುತ್ತದಲ್ಲಿ ಅದಿದೆ. ಸಂಸಾರಿಗಳಾದ ನಾವು ವಸ್ತುಗಳನ್ನು ಎಸೆಯಬೇಕಿಲ್ಲ. ಆದರೆ ವಸ್ತುವಿನ ಹಿಂದೆ ಅಪ್ಪ ನಡೆಸಿದ ಕೆಲಸ ಯಾವುದೆಂದು ಹುಡುಕಬೇಕು. ಆ ಗಾಡಿಯ ಹಿಂದಿನ ಸೀಟಿನಲ್ಲಿ ಯಾರು ಯಾರು ಕುಳಿತಿದ್ದರು? ಪರೀಕ್ಷೆಗೆ ಹೋಗುವ ಹುಡುಗಿಯೇ? ಜ್ವರದ ಮುದುಕನೇ? ಜಯಂತಿಯ ಫ್ಲೆಕ್ಸ್ ಹಿಡಿದ ಹುಡುಗರೇ? ಅಪ್ಪನ ನಿಜವಾದ ಆಸ್ತಿ ಆ ಹಿಂದಿನ ಸೀಟು.

ಸಂತೆಕಲ್ಲೂರಿಗೆ ಹತ್ತಿರದ ಮಸ್ಕಿಯ ಬಂಡೆಯನ್ನೇ ನೋಡಿ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧಮ್ಮದಲ್ಲಿ ನಡೆದರೆ ಮೇಲಿನ ಸ್ಥಿತಿ ಪಡೆಯಬಲ್ಲರು ಎಂಬುದು ಅದರ ಸಾರ. ಅಕ್ಷರ ಸವೆದಿದೆ ಎಂದು ಯಾರೂ ಉಳಿ ಹಿಡಿದು ಮತ್ತೆ ಕೊರೆಯುವುದಿಲ್ಲ. ಕಲ್ಲನ್ನು ಕಾಪಾಡುತ್ತೇವೆ, ಮಾತನ್ನು ನಡೆಸಬೇಕಾದದ್ದು ನಾವು.

*ಹಾಗಾದರೆ ಏನು ಮಾಡಬೇಕು?*

🔹 ಮೊದಲು ತಾಯಿ, ತಮ್ಮ, ಅಕ್ಕ-ತಂಗಿಯರಿದ್ದರೆ ಅವರನ್ನೂ ಕೂಡಿಸಿ ಕೇಳಿ. ಉಯಿಲು ಇಲ್ಲದಿದ್ದರೆ ತಂದೆಯ ಸ್ವಂತ ದುಡಿಮೆಯ ವಸ್ತುವಿನಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಹೆಣ್ಣುಮಕ್ಕಳ ಹಕ್ಕಿನ ಹಿಂದೂ ಕೋಡ್ ಮಸೂದೆ ಪಾಸಾಗದಿದ್ದುದು 1951ರಲ್ಲಿ ಬಾಬಾಸಾಹೇಬರು ಮಂತ್ರಿ ಪದವಿ ಬಿಡಲು ಒಂದು ಮುಖ್ಯ ಕಾರಣ. ಅವರ ಫೋಟೋ ಇರುವ ಮನೆಯಲ್ಲಿ ಅಣ್ಣನೊಬ್ಬನೇ ತೀರ್ಮಾನಿಸುವುದು ಸರಿಯಲ್ಲ.

🔹 ಮಕ್ಕಳ ಫೀಸು ತಡೆದು, ಬಡ್ಡಿಗೆ ಸಾಲ ತಂದು ಮಾಡಿಸಬೇಡಿ. ಕೈಯಲ್ಲಿ ಇದ್ದಷ್ಟಕ್ಕೆ, ಸ್ವಲ್ಪ ಸ್ವಲ್ಪವೇ ಮಾಡಿಸಿ.

🔹 ಮೆಕ್ಯಾನಿಕ್ ಪಕ್ಕ ಕುಳಿತು ಕೆಲಸ ಕಲಿಯಿರಿ. ಒಂದೊಂದು ಭಾಗ ಬಿಚ್ಚುವಾಗಲೂ ಅನಿತ್ಯದ ಪಾಠ ಕಣ್ಣೆದುರೇ ಇರುತ್ತದೆ.

🔹 ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ, ರಸ್ತೆಗೆ ಇಳಿಸಿ. ಹಿಂದಿನ ಸೀಟು ಖಾಲಿ ಓಡದಿರಲಿ.

🔹 ಆಗುವುದಿಲ್ಲ ಎನಿಸಿದರೆ ಮಾರಿಬಿಡಿ. ಬಂದ ಹಣ ಓಣಿಯ ಒಂದು ಮಗುವಿನ ಓದಿಗೆ ಹೋದರೂ ಅಪ್ಪನ ಗಾಡಿ ನಿಂತಿಲ್ಲ ಎಂದೇ ತಿಳಿಯಿರಿ.

ಇಂದು ಒಂದು ಕ್ಷಣ ಯೋಚಿಸೋಣ: ನಮ್ಮ ಮನೆಯಲ್ಲಿ ಹಿರಿಯರು ಬಿಟ್ಟುಹೋದ ಒಂದು ವಸ್ತು ಯಾವುದು? ಅದರಿಂದ ಅವರು ಯಾರಿಗೆ ಉಪಕಾರ ಮಾಡುತ್ತಿದ್ದರು? ಆ ಕೆಲಸ ಈಗ ಯಾರು ಮಾಡುತ್ತಿದ್ದಾರೆ? ಉತ್ತರವನ್ನು ಭಾನುವಾರದ ವಂದನೆಗೆ ಬರುವಾಗ ಹೇಳಿ.

ಜೈಭೀಮ್ | ನಮೋ ಬುದ್ಧಾಯ 🙏