ಉಂಡ ಮನೆಯ ದೇವರು

ನಮ್ಮ ದೂರದ ಸಂಬಂಧದ ಖಾಲಾ ಒಬ್ಬರು ಒಂದು ದಿನ ಅಸರ್ ನಮಾಜು ಮುಗಿಯುವ ಹೊತ್ತಿಗೆ ಮನೆಗೆ ಬಂದರು. ಗಂಡ ತೀರಿಹೋಗಿ ಒಂಬತ್ತು ವರ್ಷ. ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕಿದವರು. ಹಿರಿಯ ಮಗಳು ಪಿಯುಸಿ ಪಾಸಾಗಿದ್ದಳು. ದೂರದ ಊರಿನ ಮಿಶನ್ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ಮೂರು ವರ್ಷ ಅಲ್ಲೇ ಹಾಸ್ಟೆಲಿನಲ್ಲಿರಬೇಕು. ಊಟ, ವಸತಿಯ ಖರ್ಚು ಹೆಚ್ಚುಕಡಿಮೆ ಅವರದೇ. ಜಮಾಅತಿನ ಹಿರಿಯರೊಬ್ಬರು ಬೇಡವೇ ಬೇಡ ಎಂದಿದ್ದರು. ಹಾಗೆಂದವರು ಬೇರೆ ಕಡೆ ಫೀಸು ಕಟ್ಟುತ್ತೇವೆ ಎಂದು ಮಾತ್ರ ಹೇಳಿರಲಿಲ್ಲ.

"ಅಲ್ಲಿ ದಿನಾ ಬೆಳಿಗ್ಗೆ ಅವರ ಪ್ರಾರ್ಥನೆ ಇರುತ್ತಂತೆ ಬೇಟಾ. ಅವರ ಅನ್ನ ಉಂಡು, ಅವರ ಹಾಡು ಕೇಳಿ, ಮೂರು ವರ್ಷದ ಮೇಲೆ ನನ್ನ ಮಗಳು ನನ್ನ ಮಗಳಾಗೇ ಬರ್ತಾಳಾ?"

"ಯೋಚಿಸಿ ಹೇಳ್ತೀನಿ ಖಾಲಾ" ಅಂದೆ. ಯೋಚಿಸುತ್ತಾ ಹೋದಂತೆ ಅವರ ಪ್ರಶ್ನೆ ನಾನು ಅಂದುಕೊಂಡದ್ದಕ್ಕಿಂತ ಹಳೆಯದು ಎಂದು ತಿಳಿಯಿತು.

ಉರ್ದುವಿನಲ್ಲಿ ನಾವು ತಾಲೀಮ್ ಬೇರೆ, ತರಬಿಯತ್ ಬೇರೆ ಎನ್ನುತ್ತೇವೆ. ತಾಲೀಮ್ ಎಂದರೆ ಪಾಠ. ಸಂಜೆ ಗಂಟೆ ಹೊಡೆದರೆ ಮುಗಿಯಿತು. ತರಬಿಯತ್ ಹಾಗಲ್ಲ. ಏಳುವುದು, ಉಣ್ಣುವುದು, ಯಾರ ಪಕ್ಕ ಕೂರುವುದು, ಯಾವ ಮಾತಿಗೆ ನಾಚುವುದು, ಎಲ್ಲವೂ ಅದರಲ್ಲಿ ಬಂತು. ಶಾಲೆ ತಾಲೀಮ್ ಕೊಡಬಲ್ಲದು. ತರಬಿಯತ್ ಬೇಕಾದರೆ ಮಗು ನಿಮ್ಮ ಮಾಡಿನ ಕೆಳಗೆ ಮಲಗಬೇಕು. ಇದನ್ನು ಮಿಶನರಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಯಾಕೆಂದರೆ ಅವರೂ ಹಾಗೆಯೇ ತಯಾರಾದವರು.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಮಿಶನ್ನಿನ ಕತೆಯನ್ನೇ ನೋಡಿ. ಅದರ ತರಬೇತಿ ಮನೆಗೆ ಬಂದು ಸೇರಿದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯ ರೈತರ, ಕುಶಲಕರ್ಮಿಗಳ ಮಕ್ಕಳು. ವರ್ಷಗಟ್ಟಲೆ ಒಂದೇ ಮನೆಯಲ್ಲಿ ವಾಸ. ಗಂಟೆಗೆ ಸರಿಯಾಗಿ ಏಳುವುದು, ಪ್ರಾರ್ಥನೆ, ಪಾಠ, ಕೈಕೆಲಸ. ಒಬ್ಬರ ನಡತೆಯನ್ನು ಇನ್ನೊಬ್ಬರು ಗಮನಿಸುವುದೂ ಶಿಸ್ತಿನ ಭಾಗವೇ ಆಗಿತ್ತು. ಹೊರದೇಶಕ್ಕೆ ಹೋದ ಮೇಲೂ ಕಮಿಟಿಯ ಅನುಮತಿ ಇಲ್ಲದೆ ಮದುವೆಯಾಗುವಂತಿರಲಿಲ್ಲ. ಎಷ್ಟೋ ಹೆಣ್ಣುಮಕ್ಕಳು ಸರಿಯಾಗಿ ಪರಿಚಯವೂ ಇಲ್ಲದ ವರನಿಗಾಗಿ ಹಡಗು ಹತ್ತಿದರು. ಬಡ ಹಳ್ಳಿಯ ಹುಡುಗನಿಗೆ ಓದು, ಗೌರವ, ಜಗತ್ತನ್ನು ನೋಡುವ ಅವಕಾಶ ಒಟ್ಟಿಗೇ ಸಿಕ್ಕ ಮನೆ ಅದು. ಅವನ ಭಕ್ತಿಯಲ್ಲಿ ಅನ್ನದ ಪಾಲೆಷ್ಟು, ದೇವರ ಪಾಲೆಷ್ಟು ಎಂದು ಯಾರೂ ತಕ್ಕಡಿ ಹಿಡಿದು ಕೇಳಲಿಲ್ಲ. ನಮ್ಮ ದೇಶದ ಬಡವನ ವಿಷಯಕ್ಕೆ ಬಂದಾಗ ಮಾತ್ರ ತಕ್ಕಡಿ ಹೊರಬರುತ್ತದೆ.

1833ರಲ್ಲಿ ಕಂಪೆನಿಯ ಸನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ದಾರಿ ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್ನಿನಲ್ಲಿ ಓದಿದವರು. ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಬೆಳೆಸಬೇಕು ಎನ್ನುವುದು ಅವರ ನಂಬಿಕೆ. ಆ ಬೋರ್ಡಿಂಗಿನ ಪದ್ಧತಿಯಿಂದಲೇ ಸ್ಥಳೀಯ ಉಪದೇಶಿಗಳನ್ನು ತಯಾರಿಸುವ ಸೆಮಿನರಿ ಬೆಳೆಯಿತು. ಮಂಗಳೂರಿನ ಬಲ್ಮಠದಲ್ಲಿ ಆ ಪರಂಪರೆಯ ಥಿಯಾಲಾಜಿಕಲ್ ಕಾಲೇಜು ಇಂದಿಗೂ ಇದೆ. ಜಾತಿಯ ವಿಷಯದಲ್ಲಿ ಬಾಸೆಲಿನವರು ಬಿಗಿಯಾಗಿದ್ದರು. ಎಲ್ಲರೂ ಒಂದೇ ಕಡೆ ಕೂತು ಉಣ್ಣಬೇಕು. ಹತ್ತೊಂಬತ್ತನೇ ಶತಮಾನದ ಕರಾವಳಿಯಲ್ಲಿ ಅದೇನು ಸಣ್ಣ ಮಾತೇ? ಒಂದು ಹೊತ್ತಿನ ಊಟವೇ ಅಲ್ಲಿ ಎಲ್ಲ ಉಪದೇಶಕ್ಕಿಂತ ದೊಡ್ಡ ಉಪದೇಶವಾಗಿತ್ತು.

1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ಪಡೆದ. ವಯಸ್ಸು ಇಪ್ಪತ್ತು ದಾಟಿರಲಿಲ್ಲ. ಊರಿನಲ್ಲಿ ಗಲಭೆಯೆದ್ದಿತು. ಅವನು ಬಡವನಲ್ಲ, ಅನ್ನಕ್ಕಾಗಿ ಹೋದವನೂ ಅಲ್ಲ. ಮೋಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ, ಅದೇ ತರಬೇತಿ ಮನೆಯಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಮುಂದೆ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದ. ಕೊಡಗಿನಲ್ಲಿ ಜೀತದಿಂದ ಬಿಡಿಸಿಕೊಂಡ ಹೊಲೆಯರಿಗಾಗಿ ನೆಲೆಗೊಳಿಸಿದ ಆನಂದಪುರಕ್ಕೆ ಅವನದೇ ಹೆಸರು.

ಕತೆಗಾರನಾದ ನನಗೆ ಕಾಡುವುದು ಆ ಹುಡುಗ ಹೊಸ ಮನೆಯೊಳಗೆ ಹೇಗೆ ಹೋದ ಎನ್ನುವುದಲ್ಲ. ಹಿಂದಿನ ಮನೆಯ ಬಾಗಿಲನ್ನು ಯಾರು ಮುಚ್ಚಿದರು ಎನ್ನುವುದು. ಪರರ ಜೊತೆ ಉಂಡವನಿಗೆ ಮನೆಯಲ್ಲಿ ಜಾಗವಿಲ್ಲ ಎಂದದ್ದು ಅವನ ಜಾತಿ. ಬಿಲ್ಲವರಿರಲಿ, ಬೇರೆಯವರಿರಲಿ, ದೀಕ್ಷೆ ಪಡೆದವರಿಗೆ ಕಸುಬು ಹೋಯಿತು, ಒಕ್ಕಲು ಹೋಯಿತು, ಬಾವಿ ನೀರೂ ಹೋಯಿತು. ಹಾಗೆ ಬೀದಿಗೆ ಬಿದ್ದವರಿಗೆ ಕೆಲಸ ಕೊಡಬೇಕಾಗಿ ಬಂದದ್ದರಿಂದಲೇ ಮಿಶನ್ ಮಗ್ಗ ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಇಂದಿಗೂ ನಮ್ಮ ಎಷ್ಟೋ ಮಸೀದಿಗಳ, ಗುಡಿಗಳ ಮಾಡಿನ ಮೇಲಿರುವ ಮಂಗಳೂರು ಹಂಚಿನ ಹಿಂದೆ ಬಹಿಷ್ಕಾರದ ಕತೆಯೊಂದಿದೆ.

ಹಾಗೆಂದು ಮಿಶನ್ನಿಗೆ ಪೂರ್ಣ ಮಾಫಿ ಕೊಡಲಾರೆ. ಕೂಲಿ ಕೊಡುವವರೂ ಅವರೇ, ಸಭೆಯ ಶಿಸ್ತು ನೋಡುವವರೂ ಅವರೇ ಆದಾಗ, ನಂಬಿಕೆಯಲ್ಲಿ ಬಿರುಕು ಬಿಟ್ಟವನು ಏನು ಮಾಡಬೇಕು? ನನಗೀಗ ಸಂಶಯ ಬಂದಿದೆ ಎಂದು ಹೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಗಿತ್ತು! ಹಿಂದಿನ ಬಾಗಿಲನ್ನು ಜಾತಿ ಮುಚ್ಚಿತು, ಮುಂದಿನ ಬಾಗಿಲಿನ ಕೀಲಿ ಮಿಶನ್ನಿನ ಕೈಯಲ್ಲಿತ್ತು. ಬಲವಂತ ಎಂದರೆ ಕತ್ತಿ ಹಿಡಿಯುವುದೊಂದೇ ಅಲ್ಲ. ಬಿಟ್ಟುಹೋದರೆ ಎಲ್ಲವನ್ನೂ ಕಳೆದುಕೊಳ್ಳುತ್ತೇನೆ ಎಂಬ ಭಯವೂ ಬಲವಂತವೇ.

ನಮ್ಮ ಕಾನೂನು ಈ ಸೂಕ್ಷ್ಮವನ್ನು ಹಿಡಿಯಲಿಲ್ಲ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಧರ್ಮಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. 2022ರ ಕರ್ನಾಟಕದ ಕಾಯ್ದೆ ಆಮಿಷ ಎಂಬುದರೊಳಗೆ ಉದ್ಯೋಗ, ಧಾರ್ಮಿಕ ಸಂಸ್ಥೆಯ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು, ಆ ಮಾತು ಬೇರೆ. ನನ್ನ ತಕರಾರು ಅದರ ಹಿಂದಿನ ಭಾವನೆಯ ಬಗ್ಗೆ. ಹೊಟ್ಟೆ ತುಂಬಿದವನು ಧರ್ಮ ಬದಲಿಸಿದರೆ ಅದು ಚಿಂತನೆ, ಹಸಿದವನು ಬದಲಿಸಿದರೆ ವ್ಯಾಪಾರ! ಬಡವನಿಗೆ ಹೊಟ್ಟೆಯೊಂದೇ ಇದೆ, ಆತ್ಮವಿಲ್ಲ ಎಂದಲ್ಲವೇ ಇದರ ಅರ್ಥ? ಅನ್ನ ಕೊಟ್ಟವನ ದೇವರ ಬಗ್ಗೆ ಉಂಡವನಿಗೆ ಕುತೂಹಲ ಹುಟ್ಟುವುದು ಸಹಜ. ಅದನ್ನು ಅಪರಾಧ ಎಂದರೆ ದಾಸೋಹಗಳನ್ನೂ ಲಂಗರುಗಳನ್ನೂ ಮುಚ್ಚಬೇಕಾದೀತು.

ಇಷ್ಟು ಬರೆದ ಮೇಲೆ ನನ್ನ ಮನೆಯ ಮಾತೂ ಆಡಬೇಕು. ನಾನು ಬಾಲ್ಯದ ನಾಲ್ಕು ವರ್ಷ ಒಂದು ಯತೀಮ್‌ಖಾನೆಯ ಹಾಸ್ಟೆಲಿನಲ್ಲಿ ಬೆಳೆದವನು. ಫಜರ್‌ಗೆ ಏಳದವರಿಗೆ ಬೆಳಗಿನ ಚಹಾ ಇರಲಿಲ್ಲ. ನನ್ನ ಮೊದಲ ನಮಾಜುಗಳಲ್ಲಿ ಎಷ್ಟು ಅಲ್ಲಾಹನಿಗೆ, ಎಷ್ಟು ಆ ಚಹಾಕ್ಕೆ ಎಂದು ಕೇಳಿದರೆ ಪ್ರಾಮಾಣಿಕವಾಗಿ ಹೇಳಲಾರೆ. ಮುಂದೆ ಯಾರೂ ನೋಡದ ಊರುಗಳಲ್ಲಿ, ಚಹಾ ನನ್ನ ಜೇಬಿನ ದುಡ್ಡಿನದ್ದಾದ ಮೇಲೂ ನಾನು ನಮಾಜಿಗೆ ನಿಂತೆ. ಆಗಿನದು ನನ್ನದು ಎಂದುಕೊಂಡಿದ್ದೇನೆ. ದೀನಿನಲ್ಲಿ ಬಲವಂತವನ್ನು ಖುರ್‌ಆನ್ ಒಪ್ಪುವುದಿಲ್ಲ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಹಾಸ್ಟೆಲಿನ ಹುಡುಗನೊಬ್ಬ ದೊಡ್ಡವನಾದ ಮೇಲೆ ಏನನ್ನೂ ನಂಬುವುದಿಲ್ಲ ಎಂದಾಗ ಅವನ ಅಕ್ಕನ ಮದುವೆಗೆ ಮೊಹಲ್ಲಾದ ಅರ್ಧ ಜನ ಹೋಗಲಿಲ್ಲ. ಹೋಗದವರಲ್ಲಿ ನಾನೂ ಒಬ್ಬ. ಆವತ್ತು ಊರಲ್ಲಿ ಇರಲಿಲ್ಲ ಎಂದು ಆಮೇಲೆ ಸುಳ್ಳು ಹೇಳಿದೆ.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಮುಸ್ಲಿಂ ಹುಡುಗರೂ ಉಂಡು, ಓದಿ, ಸಂಜೆಯ ಸಾಮೂಹಿಕ ಪ್ರಾರ್ಥನೆಯಲ್ಲಿ ಕೂತು ಬೆಳೆದಿದ್ದಾರೆ. ತಮ್ಮ ಹೆಸರು, ಮನೆ ಯಾವುದನ್ನೂ ಬಿಡದೆ ಹಿಂತಿರುಗಿದ್ದಾರೆ. ಖಾಲಾಗೆ ಈ ಉದಾಹರಣೆ ಕೊಡೋಣ ಎಂದುಕೊಂಡೆ. ಆದರೆ ಅವರ ಮಗಳು ಬದಲಾಗುವುದೇ ಇಲ್ಲ ಎಂದು ನಾನು ಹೇಗೆ ಮಾತು ಕೊಡಲಿ? ಕನ್ನಡದ ಯಾವುದೋ ಶಬ್ದಕ್ಕೆ ತಡಕಾಡುವಾಗ ನಾನೇ ಕೈಚಾಚುವುದು ಅದೇ ಬಾಸೆಲ್ ಮನೆಯಲ್ಲಿ ತಯಾರಾದ ಕಿಟೆಲ್ ಸಾಹೇಬರು 1894ರಲ್ಲಿ ಪ್ರಕಟಿಸಿದ ನಿಘಂಟಿಗೆ. ಅವರು ಬಂದದ್ದು ನಮ್ಮನ್ನು ಬದಲಿಸಲು. ಈ ಭಾಷೆ ಅವರನ್ನೂ ಸುಮ್ಮನೆ ಬಿಡಲಿಲ್ಲವಲ್ಲ!

ಮರುದಿನ ನಾನೇ ಖಾಲಾ ಮನೆಗೆ ಹೋದೆ. ಹುಡುಗಿ ಬೀಡಿ ಎಲೆ ಕತ್ತರಿಸುತ್ತಾ ಕೂತಿದ್ದಳು.

"ಖಾಲಾ, ಅವಳು ಬದಲಾಗಲ್ಲ ಅಂತ ನಾನು ಹೇಳಲಾರೆ. ಅವಳು ಏನೇ ಆಗಿ ಬಂದರೂ ನೀವು ಬಾಗಿಲು ತೆಗೀತೀರಾ, ಅದನ್ನು ಹೇಳಿ" ಅಂದೆ.

ಖಾಲಾ ಬಹಳ ಹೊತ್ತು ಮಾತಾಡಲಿಲ್ಲ. ಮಗಳು ಕತ್ತರಿ ಕೆಳಗಿಟ್ಟು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಕಡೆಗೆ ಖಾಲಾ ಎದ್ದು, ಒಳಗಿನ ಟ್ರಂಕಿನಿಂದ ಅವಳ ಅಂಕಪಟ್ಟಿಗಳನ್ನು ತಂದು ನನ್ನ ಮುಂದಿಟ್ಟು, ಯಾವುದಕ್ಕೆಲ್ಲ ಜೆರಾಕ್ಸ್ ಬೇಕು ನೋಡು ಅಂದರು.