ಅಜ್ಜಿಯ ಫೋಟೋ ಕೇಳಿದ ಹುಡುಗರು

ಬ್ರೆಜಿಲಿನ ಊರುಗಳಲ್ಲಿ ಮನೆಗೆ ಬಂದವರು ಕದ ಬಡಿಯುವುದು ಕಡಿಮೆ. ಗೇಟಿನಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮಪ್ಪ ಗೌಡರ ಮನೆ ಮುಂದೆ ನಿಂತು 'ಬುದ್ದೀ' ಅಂತ ಕೂಗುತ್ತಿದ್ದನಲ್ಲ, ಹಾಗಲ್ಲ ಇದು. ಅಲ್ಲಿ ಬಡವ ಬಲ್ಲಿದ ಎಲ್ಲರೂ ತಟ್ಟುವವರೇ. 1970ರ ದಶಕದಲ್ಲಿ ಹೀಗೆ ತಟ್ಟಿ ಕಾಯುತ್ತಿದ್ದವರಲ್ಲಿ ಅಮೆರಿಕದ ಹುಡುಗರೂ ಇದ್ದರು. ಬಿಳಿ ಶರಟು, ಟೈ, ಕೈಯಲ್ಲಿ ಪುಸ್ತಕ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಮಾರ್ಮನ್ ಪಂಥದ ಮಿಷನರಿಗಳು. ಆ ಪಂಥವನ್ನು 1830ರಲ್ಲಿ ನ್ಯೂಯಾರ್ಕ್ ಸೀಮೆಯಲ್ಲಿ ಕಟ್ಟಿದವನು ಜೋಸೆಫ್ ಸ್ಮಿತ್. ಗದ್ದುಗೆ ಇರುವುದು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ. 1993ರಲ್ಲಿ ನಮ್ಮ ಬೆಂಗಳೂರಿನಲ್ಲೂ ಅವರದೊಂದು ಮಿಷನ್ ಶುರುವಾಯಿತು.

ಈ ಹುಡುಗರ ದಿನಚರಿ ನೋಡಿದರೆ ಬೈಯಲು ಬಾಯಿ ಬರುವುದಿಲ್ಲ. ಎರಡು ವರ್ಷ ಸಂಬಳವಿಲ್ಲದ ದುಡಿಮೆ. ಖರ್ಚು ತಮ್ಮದೇ, ಇಲ್ಲ ಮನೆಯವರದು. ಬೆಳಿಗ್ಗೆ ಎದ್ದು ಗ್ರಂಥ ಓದಬೇಕು, ಪೋರ್ಚುಗೀಸ್ ಭಾಷೆ ಉರು ಹೊಡೆಯಬೇಕು, ಆಮೇಲೆ ಬೀದಿ ಬೀದಿ ಅಲೆಯಬೇಕು. ಯಾವಾಗಲೂ ಜೋಡಿ, ಜೊತೆಗಾರನನ್ನು ಬಿಟ್ಟು ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಹುಡುಗಿಯರ ಸಹವಾಸವಿಲ್ಲ. ವಾರಕ್ಕೊಂದು ದಿನ ಬಿಡುವು. ಅವತ್ತು ಬಟ್ಟೆ ಒಗೆದುಕೊಂಡು, ತಾಯಿಗೆ ಕಾಗದ ಬರೆಯುವುದು. ಒಂದು ಊರಿನ ಬೀದಿಗಳ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಮಿಷನ್ನಿನ ಅಧ್ಯಕ್ಷನಿಂದ ಅಪ್ಪಣೆ: ಇನ್ನು ನೀನು ಆ ಊರಿಗೆ. ಸೂಟ್‌ಕೇಸು ಕಟ್ಟು, ಬಸ್ಸು ಹತ್ತು. ಅಷ್ಟೆ.

ಬ್ರೆಜಿಲಿನವರು ಬಂದವರಿಗೆ ಪುಟ್ಟ ಬಟ್ಟಲಲ್ಲಿ ಕಾಫಿ ಕೊಡುತ್ತಾರೆ. ಈ ಹುಡುಗರು ಕುಡಿಯುವಂತಿಲ್ಲ. ಅವರ ಪಂಥದಲ್ಲಿ ಕಾಫಿ, ಟೀ, ಹೆಂಡ, ಹೊಗೆಸೊಪ್ಪು ಎಲ್ಲಕ್ಕೂ ನಿಷೇಧ. 'ಬೇಡಮ್ಮ, ನೀರು ಸಾಕು' ಅನ್ನಬೇಕು. ಕೊಟ್ಟದ್ದನ್ನು ಬೇಡ ಅನ್ನಿಸಿಕೊಂಡೇ ಬೆಳೆದ ಕೇರಿಯವರು ನಾವು, ನಮಗೆ ಇದನ್ನು ಓದುವಾಗ ಮೈ ಉರಿಯುತ್ತದೆ. ಆದರೆ ನ್ಯಾಯವಾಗಿ ಮಾತಾಡಬೇಕಲ್ಲ. ಅವರು ಬಿಳಿಯರ ಬಂಗಲೆಯಲ್ಲೂ ಕಾಫಿ ಬೇಡ ಅಂದರು, ಕೂಲಿಯವನ ಗುಡಿಸಿಲಲ್ಲೂ ಬೇಡ ಅಂದರು. ನೀರನ್ನು ಎಲ್ಲರ ಲೋಟದಿಂದ ಕುಡಿದರು. ಇದು ವ್ರತ. ಮೈಲಿಗೆಯಲ್ಲ.

ಮೈಲಿಗೆ ಬೇರೆ ಕಡೆ ಕೂತಿತ್ತು. ಮಾತುಕತೆ ನಾಲ್ಕು ದಿನ ನಡೆದು, ಮನೆಯವರು ದೀಕ್ಷಾಸ್ನಾನಕ್ಕೆ ಒಪ್ಪುವ ಹೊತ್ತಿಗೆ, ಹುಡುಗರು ನಗುನಗುತ್ತಾ ಕೇಳುತ್ತಿದ್ದರು: ನಿಮ್ಮ ಅಜ್ಜ ಅಜ್ಜಿಯ ಫೋಟೋ ಇದೆಯಾ? ಆಲ್ಬಮ್ ತೋರಿಸುತ್ತೀರಾ?

ಯಾಕೆ ಅಂತೀರಾ. 1852ರಲ್ಲಿ ಆ ಪಂಥದ ಎರಡನೆಯ ಗುರು ಬ್ರಿಗಮ್ ಯಂಗ್ ಸಾರಿಬಿಟ್ಟಿದ್ದ: ಆಫ್ರಿಕದ ಕರಿಯರ ವಂಶದವರಿಗೆ ಪೌರೋಹಿತ್ಯವಿಲ್ಲ. ಪೌರೋಹಿತ್ಯ ಅಂದರೆ ಅಲ್ಲಿ ಒಂದು ಮನೆತನದ ಸ್ವತ್ತಲ್ಲ. ಆಗ ಹನ್ನೆರಡು ವರ್ಷದ ಹುಡುಗನಿಂದ ಹಿಡಿದು, ನಡತೆ ನೆಟ್ಟಗಿರುವ ಪ್ರತಿಯೊಬ್ಬ ಗಂಡಸಿಗೂ ಸಿಗುತ್ತಿದ್ದಂಥದು. (ಹೆಂಗಸರಿಗೆ ಇಲ್ಲ, ಇವತ್ತಿಗೂ ಇಲ್ಲ.) ಎಲ್ಲರಿಗೂ ಸಿಗುವುದು ಒಬ್ಬನಿಗೆ ಮಾತ್ರ ಸಿಗದಿದ್ದರೆ ಆ ನೋವು ಎಂಥದು ನೀವೇ ನೋಡಿ. ಕರಿಯ ಸ್ನಾನ ಮಾಡಬಹುದು, ಬೆಂಚಿನ ಮೇಲೆ ಕೂರಬಹುದು, ದುಡ್ಡು ಕೊಡಬಹುದು. ರೊಟ್ಟಿ ನೀರು ಹರಸಿ ಹಂಚುವಂತಿಲ್ಲ. ಗಂಡಹೆಂಡಿರನ್ನು ಸಾವಿನಾಚೆಗೂ ಬೆಸೆಯುವ ವಿಧಿ ದೇವಾಲಯದೊಳಗೆ ನಡೆಯುತ್ತದಲ್ಲ, ಅದಕ್ಕೆ ಗಂಡೂ ಹೋಗುವಂತಿಲ್ಲ, ಹೆಣ್ಣೂ ಹೋಗುವಂತಿಲ್ಲ.

ಈ ಕಟ್ಟಳೆ ಹೊತ್ತುಕೊಂಡು ಅವರು ಹೋದದ್ದು ಯಾವ ದೇಶಕ್ಕೆ? ನಲವತ್ತು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಗುಲಾಮರನ್ನಾಗಿ ಇಳಿಸಿಕೊಂಡ ನೆಲಕ್ಕೆ. 1888ರವರೆಗೂ ಗುಲಾಮಗಿರಿ ಬಿಡದ ನೆಲಕ್ಕೆ. 1928ರಲ್ಲಿ ಅವರ ಕೆಲಸ ಶುರುವಾದದ್ದು ದಕ್ಷಿಣದ ಜೋಯಿನ್‌ವಿಲ್ಲೆಯ ಕಡೆ, ಜರ್ಮನ್ ವಲಸಿಗರ ನಡುವೆ. ಆಗ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. 1938ರ ಸುಮಾರಿಗೆ ವರ್ಗಾಸ್ ಸರ್ಕಾರ ಪರಭಾಷೆಗಳ ಮೇಲೆ ನಿರ್ಬಂಧ ಹೇರಿದ ಮೇಲೆ ಪೋರ್ಚುಗೀಸಿಗೆ ತಿರುಗಬೇಕಾಯಿತು, ಬೆರಕೆ ರಕ್ತದ ಜನಸಾಗರಕ್ಕೆ ಇಳಿಯಬೇಕಾಯಿತು. ಅಲ್ಲಿ ಒಂದೇ ತಾಯಿಯ ಹೊಟ್ಟೆಯಲ್ಲಿ ಒಂದು ಕೂಸು ಗೋಧಿ, ಒಂದು ಕೂಸು ರಾಗಿ. ಯಾರನ್ನು ಎಲ್ಲಿ ಗೆರೆ ಎಳೆದು ನಿಲ್ಲಿಸುವುದು? ಅದಕ್ಕೇ ಅಜ್ಜಿಯ ಫೋಟೋ. ಕರಿಯರನ್ನು ತಾವಾಗಿ ಹುಡುಕಿಕೊಂಡು ಹೋಗಬೇಡಿ ಅನ್ನುವ ಸೂಚನೆ. ಕೂದಲು ನೋಡು, ಮೂಗು ನೋಡು ಅನ್ನುವ ಪಾಠ. ದೀಕ್ಷೆಗೆ ಮೊದಲು ವಂಶದ ಬಗ್ಗೆಯೇ ಒಂದು ಬೋಧನೆ. ಯೂಟಾದ ಹೊಲಗದ್ದೆಯಿಂದ ಬಂದ ಹುಡುಗ ಎರಡು ವರ್ಷದಲ್ಲಿ ಎರಡು ಭಾಷೆ ಕಲಿತ. ಒಂದು ಪೋರ್ಚುಗೀಸ್. ಇನ್ನೊಂದು, ಮನುಷ್ಯನ ಮುಖ ನೋಡಿ ಅವನ ಅಜ್ಜಿಯನ್ನು ಪತ್ತೆ ಹಚ್ಚುವ ಭಾಷೆ. ನಮ್ಮ ದೇಶದಲ್ಲಿ ಇದನ್ನು ಕಲಿಯಲು ಎರಡು ವರ್ಷ ಬೇಕಿಲ್ಲ, ತೊಟ್ಟಿಲಲ್ಲೇ ಆಗುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಸತ್ತ ಹಿರಿಯರ ಹೆಸರಲ್ಲೂ ದೀಕ್ಷಾಸ್ನಾನ ಮಾಡಿಸುವ ಪಂಥ ಅದು. ಹಾಗಾಗಿ ವಂಶಾವಳಿ ಹುಡುಕು, ಮುತ್ತಜ್ಜನ ಹೆಸರು ಪತ್ತೆ ಮಾಡು ಅಂತ ಭಕ್ತರಿಗೆ ಸದಾ ಬೋಧನೆ. ಶ್ರದ್ಧೆಯಿಂದ ಹುಡುಕಿದವನಿಗೆ ಹಳೆಯ ಕಾಗದದಲ್ಲಿ ಆಫ್ರಿಕದ ಒಬ್ಬ ಅಜ್ಜಿ ಸಿಕ್ಕಿದರೆ, ಇದ್ದ ಪೌರೋಹಿತ್ಯವನ್ನೂ ಕೆಳಗಿಡಬೇಕು! ಹುಡುಕು ಅನ್ನುವುದೂ ಧರ್ಮವೇ, ಸಿಕ್ಕಿತಲ್ಲ ಹೋಗು ಅನ್ನುವುದೂ ಧರ್ಮವೇ.

ಹುಡುಗನ ತಪ್ಪೇನು, ಕಟ್ಟಳೆ ಮಾಡಿದವನು ಅವನಲ್ಲವಲ್ಲ ಅಂತ ಕೇಳುವವರಿದ್ದಾರೆ. ಸರಿಯೇ. ಆದರೆ 1852ರ ಕಟ್ಟಳೆಗೆ ಕಾಲಿಲ್ಲ ಗೆಳೆಯರೆ. ಅದು ತಾನಾಗಿ ಸಮುದ್ರ ದಾಟಲಿಲ್ಲ, ತಾನಾಗಿ ಗೇಟಿನ ಮುಂದೆ ಚಪ್ಪಾಳೆ ತಟ್ಟಲಿಲ್ಲ. ಒಳ್ಳೆಯ ಹುಡುಗರೇ ಬೇಕಾಯಿತು ಅದಕ್ಕೆ. ಒರಟನಾಗಿದ್ದರೆ ಆ ತಾಯಿ ಗೇಟು ಹಾಕಿಕೊಳ್ಳುತ್ತಿದ್ದಳು. ಇವನ ನಗು ನೋಡಿ, ಇವನ ತೊದಲು ಭಾಷೆಗೆ ಕರಗಿ, ಪೆಟ್ಟಿಗೆ ತೆಗೆದು ಆಲ್ಬಮ್ ತಂದಳು. ನಾನು ಬಿ.ಎ. ಮುಗಿಸಿ ಪಟ್ಟಣಕ್ಕೆ ಬಂದು ಬಾಡಿಗೆ ಕೋಣೆ ಹುಡುಕುವಾಗ ಒಬ್ಬ ಮನೆಯೊಡತಿ ಮೊದಲು ಮಜ್ಜಿಗೆ ಕೊಟ್ಟರು. ಲೋಟ ಅರ್ಧ ಆಗುವ ಹೊತ್ತಿಗೆ ಬಹಳ ಅಕ್ಕರೆಯಿಂದ, 'ನಿಮ್ಮದು ಯಾವ ಪೈಕಿ ಮಗಾ?' ಅಂದರು. ಬೈದಿದ್ದರೆ ನಾನೂ ಬೈದು ಎದ್ದು ಬರುತ್ತಿದ್ದೆ. 'ಮಗಾ' ಅಂದವರಿಗೆ ಏನು ಹೇಳುವುದು?

ಯೂಟಾದ ಹುಡುಗನ ಪರವಾಗಿ ಒಂದು ಮಾತಿದೆ. ಕರಿಯನಿಗೆ ಏನು ಸಿಗುವುದಿಲ್ಲ ಅನ್ನುವುದನ್ನು ಅವನು ಸ್ನಾನಕ್ಕೆ ಮೊದಲೇ ಹೇಳುತ್ತಿದ್ದ. ಮನೆ ಆಗಲೇ ಬೇರೆಯವರಿಗೆ ಕೊಟ್ಟಾಯಿತು ಅಂತ ಸುಳ್ಳು ಹೇಳುವ ನಮ್ಮವರಿಗಿಂತ ಅದು ಮೇಲು. ಆದರೆ ಹೇಳಿದವನು ಅದರ ಜೊತೆ ಬಾಳಲಿಲ್ಲ. ಮುಂದಿನ ತಿಂಗಳೋ ಅದರ ಮುಂದಿನ ತಿಂಗಳೋ ಅಪ್ಪಣೆ ಬಂತು, ಬೇರೆ ಊರಿಗೆ ಹೋದ. ಅಲ್ಲಿ ಹೊಸ ಬೀದಿ, ಹೊಸ ಗೇಟು. ಇಲ್ಲಿ ಹನ್ನೆರಡು ತುಂಬಿದ ಮಗ ಬೆಂಚಿನ ಮೇಲೆ ಕೂತು, ತನ್ನ ಓರಗೆಯ ಹುಡುಗರು ರೊಟ್ಟಿಯ ತಟ್ಟೆ ಹಿಡಿದು ಬರುವುದನ್ನು ವಾರ ವಾರ ನೋಡಬೇಕು. 'ನನಗೆ ಯಾಕಿಲ್ಲ' ಅಂತ ಕೇಳಿದರೆ ತಾಯಿ ಯಾರನ್ನು ತೋರಿಸಬೇಕು? ಗೋಡೆಯ ಮೇಲಿನ ತನ್ನ ಅವ್ವನನ್ನೇ?

ರಿಯೊ ಡಿ ಜನೈರೊದ ಹೆಲ್ವೇಸಿಯೊ ಮಾರ್ಟಿನ್ಸ್ ಸಂಸಾರ ಇದೆಲ್ಲ ಕೇಳಿಯೂ 1972ರಲ್ಲಿ ದೀಕ್ಷೆ ಪಡೆಯಿತು. ಪೆಟ್ರೊಬ್ರಾಸ್ ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕರಿಯ. ಸಾವ್ ಪಾಲೊದಲ್ಲಿ ಏಳುತ್ತಿದ್ದ ದೇವಾಲಯಕ್ಕೆ, ಒಳಗೆ ತನಗೆ ಜಾಗವಿಲ್ಲ ಅಂತ ಗೊತ್ತಿದ್ದೂ, ನೆರವಾದ. ಇದು ನನಗೆ ಒಪ್ಪಿಗೆಯಿಲ್ಲ. ನಾವು ಬಾಬಾಸಾಹೇಬರ ಮಕ್ಕಳು. 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಅಂದವರು 1956ರ ನಾಗಪುರದವರೆಗೆ ಇಪ್ಪತ್ತೊಂದು ವರ್ಷ ಕಾದರು, ಯಾವ ಮನೆಯ ಹಿತ್ತಿಲ ಬಾಗಿಲಲ್ಲೂ ನುಗ್ಗಲಿಲ್ಲ. ಆದರೂ ಮಾರ್ಟಿನ್ಸನನ್ನು ಹೀಗಳೆಯಲು ನಾನ್ಯಾರು? ಗುಡಿ ಕಟ್ಟಿಸಲು ಕಲ್ಲು ಹೊತ್ತು ಹೊರಗೆ ನಿಂತ ನಮ್ಮ ಹಿರಿಯರು ಕಡಿಮೆಯೆ? ಅವರಿಗೆ ಆಯ್ಕೆ ಇರಲಿಲ್ಲ, ಇವನಿಗೆ ಇತ್ತು. ಅದಷ್ಟೇ ನನ್ನನ್ನು ಕೊರೆಯುವುದು.

1978ರ ಜೂನಿನಲ್ಲಿ ಪಂಥದ ಗುರು ಸ್ಪೆನ್ಸರ್ ಕಿಂಬಾಲ್ ದೇವರ ಅಪ್ಪಣೆಯಾಯಿತು ಎಂದ. ನೂರಾ ಇಪ್ಪತ್ತಾರು ವರ್ಷದ ಕಟ್ಟಳೆ ಒಂದು ಕಾಗದದಲ್ಲಿ ಬಿದ್ದುಹೋಯಿತು. ಅಕ್ಟೋಬರಿನಲ್ಲಿ ಸಾವ್ ಪಾಲೊದ ದೇವಾಲಯ ತೆರೆಯಿತು. ಕರಿಯ ಚರ್ಮ ಶಾಪದ ಗುರುತು ಅಂತ ಹಿಂದೆ ಹೇಳಿದ ಮಾತುಗಳನ್ನೆಲ್ಲ ತಾನು ಒಪ್ಪುವುದಿಲ್ಲ ಅಂತ ಪಂಥ ಬರೆದದ್ದು 2013ರಲ್ಲಿ, ಅದಕ್ಕೆ ಮತ್ತೆ ಮೂವತ್ತೈದು ವರ್ಷ. ಮಾರ್ಟಿನ್ಸ್ 1990ರಲ್ಲಿ ಪಂಥದ ಮೇಲಿನ ಹಿರಿಯರ ಸಾಲಿಗೆ ಸೇರಿದ ಮೊದಲ ಕರಿಯನಾದ, 2005ರಲ್ಲಿ ತೀರಿಕೊಂಡ.

ಆ ಹುಡುಗರಿಗೆ ಈಗ ಎಪ್ಪತ್ತರ ಆಸುಪಾಸು. ಅಮೆರಿಕದ ಯಾವ ಯಾವ ಊರಲ್ಲೋ ಮೊಮ್ಮಕ್ಕಳ ನಡುವೆ ಇದ್ದಾರು. ಯಾವ ಊರು ಬಿಟ್ಟು ಯಾವ ಊರಿಗೆ ಹೋದದ್ದು ಅನ್ನುವುದು ಅವರು ಅಮ್ಮನಿಗೆ ಬರೆದ ಕಾಗದಗಳಲ್ಲಿ ಇದ್ದೀತು. ಆಲ್ಬಮ್ ತಿರುವಿ ನೋಡಿ, ತಲೆಯಲ್ಲಾಡಿಸಿ ಬಂದ ಮನೆಗಳ ಪಟ್ಟಿಯೂ ಇದೆಯೋ, ಅವರೇ ಹೇಳಬೇಕು.

ಹೆಲ್ವೇಸಿಯೊನ ಮಗ ಮಾರ್ಕುಸ್‌ಗೆ 1978ರಲ್ಲಿ ಮದುವೆ ಗೊತ್ತಾಗಿತ್ತು. ಅಪ್ಪಣೆ ಬಂದದ್ದೇ ತಡ, ಅವನು ಮದುವೆಯನ್ನು ಮುಂದಕ್ಕೆ ಹಾಕಿ ಮಿಷನರಿಯಾಗಿ ಹೊರಟ. ಅದೇ ಬಿಳಿ ಶರಟು, ಅದೇ ಟೈ. ಬ್ರೆಜಿಲಿನದೇ ಬೀದಿಗಳಲ್ಲಿ ನಿಂತು ಅವನೂ ಚಪ್ಪಾಳೆ ತಟ್ಟಿದ. ಒಳಗಿಂದ ಬಂದವರ ಮೂಗು ಹೇಗಿದೆ ಅಂತ ಅವನು ನೋಡಬೇಕಾಗಿರಲಿಲ್ಲ.